ಕರ್ಬಿಯಲ್ಲಿ ನಾನು ಬರೆದ ಪೇಜ್ ಮೆಥಡ್ ಓಡುತ್ತಲೇ ಇಲ್ಲ, ಸದಸ್ಯತ್ವ ಸಂಖ್ಯೆ ಎಲ್ಲಾ ಅದಲು ಬದಲು

ಡೊಂಬಿವಲಿ ಫಾಸ್ಟ್:

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಟ್ರೈನಿನಲ್ಲಿ ನಿಂತುಕೊಂಡು ಒಂದೇ ಕೈಯಲ್ಲಿ ಮೊಬೈಲ್ ಹಿಡಿದು ಬರೆಯುತ್ತಿದ್ದೇನೆ. ಕೀಬೋರ್ಡ್ ಕನ್ನಡದ್ದು, ಹಾಗಾಗಿ ಕೋಡ್ ಕೂಡ ಕನ್ನಡ ಅಕ್ಷರದಲ್ಲೇ ಬಂದಿದೆ. ನೀವೇ ಮನಸ್ಸಿನಲ್ಲಿ ಇಂಗ್ಲಿಷ್ ಮಾಡಿಕೊಂಡು ಓದಿ.

ನಮ್ಮ ಏರಿಯಾದಲ್ಲಿ ಒಂದು ಚಿಕ್ಕ ಕನ್ನಡ ಬಳಗ ಇದೆ. ಅದರ ವೆಬ್‌ಸೈಟ್ ನನ್ನ ತಲೆಗೆ ಕಟ್ಟಿದ್ದಾರೆ. ಸಂಬಳ ಗಿಂಬಳ ಇಲ್ಲ, ರಾಜ್ಯೋತ್ಸವದ ದಿನ ಒಂದು ಶಾಲು ಹೊದಿಸುತ್ತಾರೆ, ಅಷ್ಟೇ. ಕರ್ಬಿ 4ರಲ್ಲಿ ಕಟ್ಟಿದ್ದೇನೆ (ಕರ್ಬಿ ಅಂದರೆ ವೆಬ್‌ಸೈಟ್ ಕಟ್ಟಿ ನಡೆಸುವ ಸಿಎಂಎಸ್ ಸಾಫ್ಟ್‌ವೇರ್, ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು). ಡೇಟಾಬೇಸ್ ಗೊಡವೆ ಇಲ್ಲ, ಎಲ್ಲಾ ಟೆಕ್ಸ್ಟ್ ಫೈಲು, ನಾಳೆ ನಾನು ಬಿಟ್ಟು ಹೋದರೂ ಫೋಲ್ಡರ್ ಎತ್ತಿ ಇನ್ನೊಬ್ಬರ ಕೈಗೆ ಕೊಡಬಹುದು ಅಂತ ಅದನ್ನು ಆರಿಸಿದೆ.

ಪ್ರತಿ ಸದಸ್ಯರಿಗೂ ಒಂದೊಂದು ಪೇಜ್ ಇದೆ. ಅದರಲ್ಲಿ ಹೆಸರು, ಊರು, ಫೋನ್, ಸದಸ್ಯತ್ವ ಸಂಖ್ಯೆ. ಸಂಖ್ಯೆಯ ಫೀಲ್ಡ್‌ಗೆ ನಾನು ಇಟ್ಟ ಹೆಸರು 'ನಮ್'. ನಂಬರ್ ಅನ್ನುವುದರ ಮೊದಲ ಮೂರು ಇಂಗ್ಲಿಷ್ ಅಕ್ಷರ. ಟೆಂಪ್ಲೇಟ್ ಅಂದರೆ ಪೇಜ್ ಹೇಗೆ ಕಾಣಬೇಕು ಅಂತ ಹೇಳುವ ಫೈಲ್. ಟೆಂಪ್ಲೇಟ್‌ನಲ್ಲಿ $ಪೇಜ್->ನಮ್() ಅಂತ ಹಾಕಿದೆ. ಒಂದು ವರ್ಷ ಏನೂ ತೊಂದರೆ ಆಗಲಿಲ್ಲ.

ಹೋದ ತಿಂಗಳು ನಮ್ಮ ಕಾರ್ಯದರ್ಶಿ ಪ್ಯಾನೆಲ್‌ಗೆ (ಬ್ರೌಸರ್‌ನಲ್ಲೇ ಸೈಟ್ ತಿದ್ದುವ ಜಾಗ) ಲಾಗಿನ್ ಆಗಿ, ಈ ವರ್ಷದ ಕಮಿಟಿಯ ಹನ್ನೊಂದು ಜನರನ್ನು ಮೌಸ್‌ನಲ್ಲಿ ಎಳೆದು ಪಟ್ಟಿಯ ಮೇಲಕ್ಕೆ ಇಟ್ಟರು. ಹನ್ನೊಂದೂ ಜನ ಹೊಸಬರು. ಆಮೇಲೆ ಅದೇ ಪಟ್ಟಿಯಿಂದ ಅರವತ್ತು ಕಾರ್ಡ್ ಪ್ರಿಂಟ್ ಆಯಿತು, ಲ್ಯಾಮಿನೇಷನ್ ಕೂಡ ಆಯಿತು. ಭಾನುವಾರ ಸಭೆಯಲ್ಲಿ ಹಂಚುವಾಗ ಒಬ್ಬರು ಹಿರಿಯರು, ಬಳಗ ಶುರುವಾದಾಗಿನಿಂದ 7ನೇ ನಂಬರಿನ ಸದಸ್ಯರು, ಕಾರ್ಡ್ ಹಿಡಿದುಕೊಂಡು ಬಂದರು. 'ನಾನು ಹದಿನೆಂಟು ಯಾವಾಗ ಆದೆನಪ್ಪಾ?' ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ರಾತ್ರಿ ಬಂದು ಟೆಕ್ಸ್ಟ್ ಫೈಲ್ ತೆರೆದು ನೋಡಿದರೆ ಅಲ್ಲಿ 7 ಅಂತಲೇ ಇದೆ. ಸೈಟ್‌ನಲ್ಲಿ ಮಾತ್ರ 18.

ಸರಿ, ಮೆಥಡ್ (ಪೇಜ್ ಮೇಲೆ ಕರೆಯುವ ಫಂಕ್ಷನ್) ನಾನೇ ಬರೆಯುತ್ತೇನೆ ಅಂತ ಹೊರಟೆ. ಸೈಟ್ ಫೋಲ್ಡರಿನ ಪ್ಲಗಿನ್ಸ್ ಒಳಗೆ ಒಂದು ಪ್ಲಗಿನ್ ಮಾಡಿ, ಪೇಜ್‌ಮೆಥಡ್ಸ್ ಅನ್ನುವ ಅರೇಯಲ್ಲಿ 'ನಮ್' ಅಂತ ಫಂಕ್ಷನ್ ಬರೆದೆ. ಏನೂ ಬದಲಾಗಲಿಲ್ಲ. ಕ್ಯಾಶ್ (ಸೈಟ್ ಉಳಿಸಿಟ್ಟುಕೊಂಡ ಹಳೇ ಪ್ರತಿ) ತೆಗೆದೆ. ಬ್ರೌಸರ್ ಬದಲಿಸಿದೆ. ಕೊನೆಗೆ ಫಂಕ್ಷನ್ ಒಳಗೆ ಡೈ() (ಪ್ರೋಗ್ರಾಂ ಅಲ್ಲೇ ನಿಲ್ಲಿಸುವ ಆಜ್ಞೆ) ಹಾಕಿದೆ. ಸಾಯಲಿಲ್ಲ. ಅಂದರೆ ನನ್ನ ಫಂಕ್ಷನ್ ಒಳಗೆ ಯಾರೂ ಕಾಲೇ ಇಡುತ್ತಿಲ್ಲ. ಆದರೆ ಅದೇ ಅರೇಯಲ್ಲಿ ಪಕ್ಕದಲ್ಲೇ ಬರೆದ ಇನ್ನೊಂದು ಮೆಥಡ್ (ಹೆಸರು, ಊರು ಸೇರಿಸಿ ಒಂದು ಸಾಲು ಕೊಡುವಂಥದ್ದು) ಚೆನ್ನಾಗಿ ಓಡುತ್ತದೆ. ಪ್ಲಗಿನ್ ಲೋಡ್ ಆಗುತ್ತಿದೆ ಅಂತಾಯಿತು. ಹಾಗಾದರೆ ಇದೊಂದು ಯಾಕೆ ಓಡುವುದಿಲ್ಲ?

ಎರಡನೇ ಪ್ರಶ್ನೆ: ಕಾರ್ಯಕ್ರಮದ ತಾರೀಖನ್ನು ಕನ್ನಡದಲ್ಲಿ ತೋರಿಸುವ ಹತ್ತು ಸಾಲಿನ ಕೋಡ್ ಇದೆ, ಅದನ್ನು ಐದು ಟೆಂಪ್ಲೇಟ್‌ನಲ್ಲಿ ಕಾಪಿ ಹೊಡೆದಿದ್ದೇನೆ. ನಾಚಿಕೆ ಆಗುತ್ತದೆ. ಅದನ್ನು ಎಲ್ಲಿಡಬೇಕು? ಪೇಜ್ ಮೆಥಡ್ ಅಂತೆ, ಪೇಜ್ ಮಾಡೆಲ್ ಅಂತೆ, ಫೀಲ್ಡ್ ಮೆಥಡ್ ಅಂತೆ, ಮೂರೂ ನನಗೆ ಒಂದೇ ಥರ ಕಾಣುತ್ತವೆ.

ಹಿಂಜವಡಿ ಫೇಸ್ ತ್ರೀ:

ಡೈ ಹಾಕಿದರೂ ಸಾಯಲಿಲ್ಲ ಅಂದಾಗಲೇ ಉತ್ತರ ಸಿಕ್ಕಿತು ಸರ್. 'ನಮ್' ಅನ್ನುವ ಮೆಥಡ್ ಕರ್ಬಿಯಲ್ಲಿ ಮೊದಲೇ ಇದೆ. ಪಟ್ಟಿಯಲ್ಲಿ ಪೇಜ್ ಎಷ್ಟನೆಯದು ಅನ್ನುವ ಕ್ರಮಸಂಖ್ಯೆಯನ್ನು ಅದು ಕೊಡುತ್ತದೆ. ನಿಮ್ಮ ಸದಸ್ಯತ್ವಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಣ್ಣಾರೆ ನೋಡಬೇಕಾದರೆ ಕಂಟೆಂಟ್ ಫೋಲ್ಡರ್ ತೆರೆಯಿರಿ. ಆ ಹಿರಿಯರ ಫೋಲ್ಡರಿನ ಹೆಸರು 18, ಆಮೇಲೆ ಒಂದು ಅಂಡರ್‌ಸ್ಕೋರ್, ಆಮೇಲೆ ಅವರ ಹೆಸರು ಅಂತ ಇರುತ್ತದೆ. ಆ 18 ಇದೆಯಲ್ಲ, ಅದನ್ನೇ ನಿಮಗೆ ವಾಪಸ್ ಕೊಡುತ್ತಿರುವುದು. ಪ್ಯಾನೆಲ್‌ನಲ್ಲಿ ಎಳೆದಾಗ ಕರ್ಬಿ ಈ ಫೋಲ್ಡರುಗಳ ಹೆಸರನ್ನೇ ಬದಲಿಸುತ್ತದೆ. ನೀವು ಮೊದಲ ದಿನ ಸದಸ್ಯರನ್ನು ನಂಬರ್ ಪ್ರಕಾರವೇ ಒಬ್ಬೊಬ್ಬರಾಗಿ ಸೇರಿಸಿರುತ್ತೀರಿ, ಅದಕ್ಕೇ ಎರಡೂ ಸಂಖ್ಯೆ ಒಂದೇ ಆಗಿ ಒಂದು ವರ್ಷ ಗೊತ್ತಾಗಲಿಲ್ಲ. ನಿಮ್ಮ ಕಾರ್ಯದರ್ಶಿದೇನೂ ತಪ್ಪಿಲ್ಲ, ಪಾಪ.

ಈಗ ನಿಮ್ಮ ಪ್ಲಗಿನ್ ಯಾಕೆ ಓಡಲಿಲ್ಲ ಅನ್ನುವುದಕ್ಕೆ ಬರೋಣ. ಇದು ಕರ್ಬಿಗಿಂತ ಜಾಸ್ತಿ ಪಿಎಚ್‌ಪಿಯ ವಿಷಯ. $ಪೇಜ್->ಏನೋ() ಅಂತ ಕರೆದಾಗ ಪಿಎಚ್‌ಪಿ ಮೊದಲು ಆ ಕ್ಲಾಸ್‌ನಲ್ಲಿ ನಿಜವಾಗಿ ಆ ಹೆಸರಿನ ಮೆಥಡ್ ಇದೆಯಾ ಅಂತ ನೋಡುತ್ತದೆ. ಇದ್ದರೆ ಮುಗಿಯಿತು, ಬೇರೆ ಯಾರನ್ನೂ ಕೇಳುವುದಿಲ್ಲ. ಇಲ್ಲದಿದ್ದರೆ ಮಾತ್ರ ಅಂಡರ್‌ಸ್ಕೋರ್ ಅಂಡರ್‌ಸ್ಕೋರ್ ಕಾಲ್ ಅನ್ನುವ ಮ್ಯಾಜಿಕ್ ಮೆಥಡ್ ಎದ್ದೇಳುತ್ತದೆ. ಕರ್ಬಿ ಅದರೊಳಗೆ ಪ್ಲಗಿನ್‌ಗಳು ಕೊಟ್ಟ ಪೇಜ್ ಮೆಥಡ್ ಹುಡುಕುತ್ತದೆ, ಅದೂ ಇಲ್ಲದಿದ್ದರೆ ಕೊನೆಗೆ ಆ ಹೆಸರಿನ ಫೀಲ್ಡ್ ತಂದು ಕೊಡುತ್ತದೆ.

ನಮ್ಮ ಮನೆಯ ಬಾಗಿಲು ಬಡಿದರೆ ಮೊದಲು ಅಪ್ಪ ಬರುತ್ತಿದ್ದರು. ಅವರಿದ್ದಷ್ಟು ದಿನ ನಾವು ಯಾರೂ ಏಳುತ್ತಿರಲಿಲ್ಲ. ಹಾಗೇ ಇದು. ಒಳಗೆ 'ನಮ್' ಅನ್ನುವ ಹಿರಿಯ ಇರುವಾಗ ನಿಮ್ಮ ಫಂಕ್ಷನ್ನೂ ಏಳಲ್ಲ, ನಿಮ್ಮ ಫೀಲ್ಡೂ ಏಳಲ್ಲ. ಪೇಜ್‌ಮೆಥಡ್ಸ್ ಮೂಲಕ ಕರ್ಬಿಯ ಸ್ವಂತ ಮೆಥಡ್‌ಗಳನ್ನು ಬದಲಿಸಲು ಆಗುವುದೇ ಇಲ್ಲ, ಇಲ್ಲದ್ದನ್ನು ಸೇರಿಸಬಹುದು ಅಷ್ಟೇ.

ಇವತ್ತಿನ ಮಟ್ಟಿಗೆ ಬೇಕಾದರೆ $ಪೇಜ್->ಕಂಟೆಂಟ್()->ಗೆಟ್('ನಮ್') ಅಂತ ಬರೆಯಿರಿ. ಕಂಟೆಂಟ್ ಮೂಲಕ ಹೋದರೆ ನೇರ ಟೆಕ್ಸ್ಟ್ ಫೈಲಿನ 7 ಸಿಗುತ್ತದೆ. ಆದರೆ ನನ್ನ ಮಾತು ಕೇಳಿದರೆ ಫೀಲ್ಡಿನ ಹೆಸರನ್ನೇ ಬದಲಿಸಿ, 'ಮೆಂಬರ್‌ನೋ' ಅಂತಲೋ ಏನೋ. ಇಲ್ಲದಿದ್ದರೆ ಆರು ತಿಂಗಳ ಮೇಲೆ ನೀವೇ ಮರೆತು ಮತ್ತೆ ->ನಮ್() ಬರೆಯುತ್ತೀರಿ. ಎಲ್ಲಾ ಟೆಕ್ಸ್ಟ್ ಫೈಲ್ ಅಲ್ವಾ, ಎಡಿಟರ್‌ನಲ್ಲಿ ಕಂಟೆಂಟ್ ಫೋಲ್ಡರ್ ಪೂರ್ತಿ ಹುಡುಕಿ ಬದಲಿಸಿದರೆ ಐದು ನಿಮಿಷದ ಕೆಲಸ. ಸಾಲಿನ ಶುರುವಿನಲ್ಲಿ ಇರುವುದನ್ನು ಮಾತ್ರ ಬದಲಿಸಿ. ಮೊದಲು ಗಿಟ್‌ನಲ್ಲಿ (ಫೈಲುಗಳ ಹಳೇ ಪ್ರತಿ ಕಾಪಾಡುವ ಸಾಧನ) ಕಮಿಟ್ ಮಾಡಿಕೊಳ್ಳಿ, ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಒಂದು ಎಚ್ಚರಿಕೆ. ಬ್ಲೂಪ್ರಿಂಟ್ ಫೈಲಿನಲ್ಲಿ (ಪ್ಯಾನೆಲ್‌ನಲ್ಲಿ ಯಾವ ಫೀಲ್ಡ್ ಕಾಣಬೇಕು ಅಂತ ಹೇಳುವ ಫೈಲ್) ಫೀಲ್ಡುಗಳ ಪಟ್ಟಿಯಿಂದ ಹೊರಗೆ, ಮೇಲ್ಗಡೆ, 'ನಮ್' ಅಂತಲೇ ಒಂದು ಸೆಟ್ಟಿಂಗ್ ಇರಬಹುದು. ಪೇಜ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಬೇಕಾ ಅಥವಾ ಅಕ್ಷರಕ್ರಮದಲ್ಲಾ ಅಂತ ಹೇಳುವುದು ಅದು. ಹುಡುಕಿ ಬದಲಿಸುವ ಭರದಲ್ಲಿ ಅದನ್ನೂ ಬದಲಿಸಿ ಕೂರಬೇಡಿ, ನಾನು ಮಾಡಿದ್ದೇನೆ.

ಫೀಲ್ಡಿಗೆ ಇಡಬಾರದ ಹೆಸರು ಇನ್ನೂ ಇವೆ: ಐಡಿ, ಯುಆರ್‌ಎಲ್, ಪೇರೆಂಟ್, ಚಿಲ್ಡ್ರನ್, ಫೈಲ್ಸ್, ಇಮೇಜಸ್, ಸ್ಟೇಟಸ್, ಸ್ಲಗ್, ಕಂಟೆಂಟ್, ಟೆಂಪ್ಲೇಟ್. ಶಾಲೆಯ ಸೈಟ್ ಮಾಡುವವರು 'ಪೇರೆಂಟ್' ಅಂತ ಇಟ್ಟು, ಅಪ್ಪ ಅಮ್ಮನ ಹೆಸರು ಬರುವ ಜಾಗದಲ್ಲಿ ಮೇಲಿನ ಪೇಜ್ ಬಂತು ಅಂತ ಅಳುವುದನ್ನು ನೋಡಿದ್ದೇನೆ.

ಮಾಟುಂಗಾ ಫಿಲ್ಟರ್ ಕಾಫಿ:

ಹಿಂಜವಡಿಯವರು ಹೇಳಿದ್ದರಲ್ಲಿ ಕೊನೆಯ ಮೆಟ್ಟಿಲಿನ ಬಗ್ಗೆ ಇನ್ನೊಂದು ಮಾತು ಸೇರಿಸುತ್ತೇನೆ. ಯಾರೂ ಸಿಗದಿದ್ದರೆ ಕೊನೆಗೆ ಫೀಲ್ಡ್ ಕೊಡುತ್ತದೆ ಅಂದರಲ್ಲ, ಆ ಹೆಸರಿನ ಫೀಲ್ಡೇ ಇಲ್ಲದಿದ್ದರೂ ಕೊಡುತ್ತದೆ ಮಾರಾಯ್ರೆ! ಖಾಲಿ ಫೀಲ್ಡ್. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಮೆಂಬರ್‌ನೋ ಬದಲು ಮೆಬ್ಮರ್‌ನೋ ಅಂತ ಹೊಡೆದರೂ ಸೈಟ್ ಸುಮ್ನೆ ಖಾಲಿ ಜಾಗ ತೋರಿಸುತ್ತದೆ. ಏನಾದರೂ ಖಾಲಿ ಬಂದರೆ ಮೊದಲು ಸ್ಪೆಲಿಂಗ್ ನೋಡಿ, ಆಮೇಲೆ ಕ್ಯಾಶ್, ಆಮೇಲೆ ದೇವರು.

ವರ್ಡ್‌ಪ್ರೆಸ್‌ನಲ್ಲೂ ಇದೇ ಕಥೆ, ಅಲ್ಲಿ $ಪೋಸ್ಟ್->ಯಾವುದೋ ಅಂತ ಕೇಳಿದರೆ ಆ ಹೆಸರಿನ ಪೋಸ್ಟ್ ಮೆಟಾ ಹುಡುಕಿ ಕೊಡುತ್ತದೆ, ಇಲ್ಲದಿದ್ದರೆ ಖಾಲಿ.

ಡೊಂಬಿವಲಿ ಫಾಸ್ಟ್:

ಅಯ್ಯೋ, ಫೋಲ್ಡರ್ ತೆರೆದು ನೋಡಿದೆ. 18 ಅಂತಲೇ ಇದೆ! ಒಂದು ವರ್ಷದಿಂದ ಕಣ್ಣೆದುರಿಗೇ ಇತ್ತು. ಫೀಲ್ಡ್ ಹೆಸರು ಬದಲಿಸಿದೆ, 7 ಬಂತು. ಇಬ್ಬರಿಗೂ ದೊಡ್ಡ ನಮಸ್ಕಾರ.

ಆ ಖುಷಿಯಲ್ಲಿ ಪೇಜ್ ಮಾಡೆಲ್ (ಒಂದು ಥರದ ಪೇಜ್‌ಗೆ ಮಾತ್ರ ಬರೆಯುವ ಕ್ಲಾಸ್) ಅನ್ನೂ ಕಲಿತುಬಿಡೋಣ ಅಂತ ಕೈ ಹಾಕಿದೆ. ಕಾರ್ಯಕ್ರಮದ ಪೇಜ್‌ಗೆ 'ಕವರ್' ಅಂತ ಒಂದು ಫೀಲ್ಡ್ ಇದೆ, ಅದರಲ್ಲಿ ಫೋಟೋ ಆರಿಸಿರುತ್ತಾರೆ. ಆರಿಸದಿದ್ದರೆ ಆ ಪೇಜ್‌ನ ಮೊದಲ ಫೋಟೋ ಬರಲಿ ಅಂತ ನನ್ನ ಆಸೆ. ಮಾಡೆಲ್ಸ್ ಫೋಲ್ಡರಿನಲ್ಲಿ ಇವೆಂಟ್ ಡಾಟ್ ಪಿಎಚ್‌ಪಿ ಮಾಡಿ, ಇವೆಂಟ್‌ಪೇಜ್ ಕ್ಲಾಸ್ ಪೇಜ್ ಅನ್ನು ಎಕ್ಸ್‌ಟೆಂಡ್ ಮಾಡುವ ಹಾಗೆ ಬರೆದೆ. ಒಳಗೆ ಒಂದೇ ಮೆಥಡ್:

ಪಬ್ಲಿಕ್ ಫಂಕ್ಷನ್ ಕವರ್() { ರಿಟರ್ನ್ $ದಿಸ್->ಕವರ್()->ಟುಫೈಲ್() ?? $ದಿಸ್->ಇಮೇಜ್(); }

ಸೈಟ್ ಬಿತ್ತು. ಮೆಮೊರಿ 134217728 ಬೈಟ್ ಮುಗಿದುಹೋಯಿತು ಅನ್ನುತ್ತದೆ. ಇರುವುದು ಎರಡು ಕೇಬಿ ಟೆಕ್ಸ್ಟ್ ಫೈಲು! ಸರ್ವರ್‌ನವರಿಗೆ ಹೇಳಿ ಮೆಮೊರಿ ಜಾಸ್ತಿ ಮಾಡಿಸಬೇಕಾ?

ವಾಸ್ಕೋ ಅಕ್ಕ:

ಮೆಮೊರಿ ಎಷ್ಟು ಕೊಟ್ಟರೂ ತಿಂದು ಹಾಕುತ್ತದೆ ತಮ್ಮಾ, ಹೆಚ್ಚಿಸಬೇಡ. ಕವರ್ ಒಳಗೆ ನೀನು ಮತ್ತೆ ಕವರ್ ಅನ್ನೇ ಕರೆದಿದ್ದೀಯ. ಅದು ತನ್ನನ್ನೇ ತಾನು ಕರೆದುಕೊಳ್ಳುತ್ತಾ ಹೋಗಿ 128 ಎಂಬಿ ಮುಗಿಸಿತು. ನೀನು ಬರೆದ ಆ ದೊಡ್ಡ ಸಂಖ್ಯೆ ಅಷ್ಟೇ, 128 ಎಂಬಿ.

ಮೊದಲು ಟೆಂಪ್ಲೇಟ್‌ನಲ್ಲಿ ->ಕವರ್() ಅಂದಾಗ ಫೀಲ್ಡ್ ಬರುತ್ತಿತ್ತು, ಯಾಕಂದರೆ ಆ ಹೆಸರಿನ ಮೆಥಡ್ ಇರಲಿಲ್ಲ. ಈಗ ನೀನೇ ಮೆಥಡ್ ಬರೆದೆ. ಹಿಂಜವಡಿಯವರ ಮನೆಯ ಅಪ್ಪ ಈಗ ನೀನೇ ನೋಡು. ಒಳಗೆ $ದಿಸ್->ಕಂಟೆಂಟ್()->ಗೆಟ್('ಕವರ್')->ಟುಫೈಲ್() ಅಂತ ಬರೆ, ಸರಿಹೋಗುತ್ತದೆ. ಕರ್ಬಿಯ ಸ್ವಂತ ಮೆಥಡ್ ಆಗಿದ್ದರೆ, ಉದಾಹರಣೆಗೆ ಟೈಟಲ್, ಪೇರೆಂಟ್::ಟೈಟಲ್() ಅಂತ ಮೇಲಿನ ಕ್ಲಾಸನ್ನು ಕೇಳಬಹುದು. ಆದರೆ ಅದನ್ನು ಓವರ್‌ರೈಡ್ ಮಾಡುವಾಗ (ಅದರ ಬದಲು ನಮ್ಮದನ್ನು ಬರೆಯುವಾಗ) ರಿಟರ್ನ್ ಟೈಪ್, ಅಂದರೆ ವಾಪಸ್ ಕೊಡುವ ಮೌಲ್ಯದ ಜಾತಿ, ಅದೇ ಇರಬೇಕು. ಟೈಟಲ್ ಫೀಲ್ಡ್ ಆಬ್ಜೆಕ್ಟ್ ಕೊಡಬೇಕು, ಬರೀ ಸ್ಟ್ರಿಂಗ್ ಅಂತ ಘೋಷಿಸಿದರೆ ಪಿಎಚ್‌ಪಿ ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಹಳೇ ಕರ್ಬಿ 3ರ ಕೋಡ್ ತಂದು 4ರಲ್ಲಿ ಹಾಕುವವರಿಗೆ ಇನ್ನೊಂದು ಕಿರಿಕಿರಿ: ಫೀಲ್ಡ್ ಕ್ಲಾಸ್ ಸಿಎಂಎಸ್ ನೇಮ್‌ಸ್ಪೇಸ್‌ನಿಂದ (ಕ್ಲಾಸಿನ ಹೆಸರಿನ ಮುಂದಿನ ವಿಳಾಸ) ಕಂಟೆಂಟ್ ನೇಮ್‌ಸ್ಪೇಸ್‌ಗೆ ಹೋಗಿದೆ. ಮೇಲಿನ ಯೂಸ್ ಸಾಲು ಬದಲಿಸಬೇಕು.

ಈಗ ನಿನ್ನ ಹಳೇ ಪ್ರಶ್ನೆ, ಎಲ್ಲಿ ಏನು ಇಡಬೇಕು ಅನ್ನುವುದು. ನಾನು ಹೀಗೆ ಕೇಳಿಕೊಳ್ಳುತ್ತೇನೆ: ಈ ಕೆಲಸ ಯಾರದ್ದು?

ಕಾರ್ಯಕ್ರಮಕ್ಕೆ ಮಾತ್ರ ಸಂಬಂಧಪಟ್ಟದ್ದಾದರೆ ಇವೆಂಟ್ ಮಾಡೆಲ್. ಟೆಕ್ಸ್ಟ್ ಫೈಲಿನ ಹೆಸರು ಇವೆಂಟ್ ಆಗಿದ್ದರೆ ಆ ಪೇಜ್ ತಾನಾಗಿಯೇ ಇವೆಂಟ್‌ಪೇಜ್ ಕ್ಲಾಸಿನದ್ದಾಗುತ್ತದೆ, ನೀನು ಬೇರೆ ಏನೂ ಹೇಳಬೇಕಾಗಿಲ್ಲ. ಸದಸ್ಯರ ಪೇಜ್‌ಗೆ ಕವರ್ ಬೇಡ, ಅದಕ್ಕೆ ಸಿಗುವುದೂ ಇಲ್ಲ. ಎಲ್ಲಾ ಥರದ ಪೇಜ್‌ಗೂ ಬೇಕಾದರೆ, ಉದಾಹರಣೆಗೆ ವಾಟ್ಸಾಪ್‌ನಲ್ಲಿ ಹಂಚುವ ಲಿಂಕ್, ಆಗ ಪ್ಲಗಿನ್‌ನಲ್ಲಿ ಪೇಜ್ ಮೆಥಡ್. ಇನ್ನು ನಿನ್ನ ಕನ್ನಡ ತಾರೀಖು ಪೇಜ್‌ನ ಕೆಲಸವೇ ಅಲ್ಲ. ಅದು ತಾರೀಖಿನ ಕೆಲಸ. ಕಾರ್ಯಕ್ರಮದ ತಾರೀಖಾದರೂ ಅಷ್ಟೇ, ಸದಸ್ಯರು ಸೇರಿದ ತಾರೀಖಾದರೂ ಅಷ್ಟೇ. ಅದನ್ನು ಫೀಲ್ಡ್ ಮೆಥಡ್ ಮಾಡು. ಪ್ಲಗಿನ್‌ನಲ್ಲಿ ಫೀಲ್ಡ್‌ಮೆಥಡ್ಸ್ ಅಂತ ಇನ್ನೊಂದು ಅರೇ, ಫಂಕ್ಷನ್‌ಗೆ $ಫೀಲ್ಡ್ ಬರುತ್ತದೆ, ಹನ್ನೆರಡು ತಿಂಗಳ ಹೆಸರಿನ ಒಂದು ಅರೇ ಇಟ್ಟುಕೊಂಡು ಸಾಲು ಕಟ್ಟಿ ವಾಪಸ್ ಕೊಡು. ಆಮೇಲೆ ಐದೂ ಟೆಂಪ್ಲೇಟ್‌ನಲ್ಲಿ $ಪೇಜ್->ಡೇಟ್()->ಕನ್ನಡಡೇಟ್() ಅಂದರೆ ಸಾಕು, '1 ನವೆಂಬರ್ 2025' ಬರುತ್ತದೆ. ಸರ್ವರ್‌ನಲ್ಲಿ ಇಂಟ್ಲ್ ಎಕ್ಸ್‌ಟೆನ್ಶನ್ (ಬೇರೆ ಬೇರೆ ಭಾಷೆಗೆ ತಕ್ಕಂತೆ ತಾರೀಖು ಬರೆಯುವ ಪಿಎಚ್‌ಪಿ ಸೇರ್ಪಡೆ) ಇದ್ದರೆ ಅದರ ಡೇಟ್ ಫಾರ್ಮ್ಯಾಟರ್‌ಗೆ ಕನ್ನಡ ಲೊಕೇಲ್ ಕೊಟ್ಟರೂ ಆಗುತ್ತದೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಅದು ಇರುತ್ತದೆ ಅಂತ ನಂಬಬೇಡ, ಹನ್ನೆರಡು ಹೆಸರು ಬರೆಯುವುದಕ್ಕೆ ಎಷ್ಟು ಹೊತ್ತು? ಹಳೇ ಸ್ಟ್ರ್‌ಎಫ್‌ಟೈಮ್ ಮಾತ್ರ ಬೇಡ, ಪಿಎಚ್‌ಪಿ 8.1ರಿಂದ ಅದಕ್ಕೆ ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಅಂತ ಬೋರ್ಡ್ ಹಾಕಿದ್ದಾರೆ.

ಇನ್ನೊಂದು ಇದೆ, ಇದನ್ನು ಯಾರೂ ಬಳಸುವುದಿಲ್ಲ, ನನಗೆ ಬಹಳ ಇಷ್ಟ. ಪೇಜಸ್ ಮೆಥಡ್. ಪೇಜ್ ಅಲ್ಲ, ಪೇಜಸ್. ಅಂದರೆ ಪೇಜ್‌ಗಳ ಗುಂಪಿನ ಮೇಲೆ ಓಡುವ ಮೆಥಡ್. ಇಲ್ಲಿ ವಾಸ್ಕೋದಲ್ಲಿ ನಾವು ಧಾರವಾಡ, ಗದಗ, ವಿಜಯಪುರ ಕಡೆಯವರು ಸೇರಿ ನಾಟಕ, ಭಜನೆ ಅಂತ ನಡೆಸುತ್ತೇವೆ, ಅದಕ್ಕೊಂದು ಸೈಟ್ ಇದೆ. ಮುಂದಿನ ಕಾರ್ಯಕ್ರಮಗಳು ಅಂತ ತೋರಿಸುವುದಕ್ಕೆ 'ಅಪ್‌ಕಮಿಂಗ್' ಅಂತ ಪೇಜಸ್ ಮೆಥಡ್ ಬರೆದೆ. ಪೇಜ್‌ನ ತಾರೀಖು ಈಗಿನ ಟೈಮ್‌ಗಿಂತ ಮುಂದಿದ್ದರೆ ಇಟ್ಟುಕೋ, ಇಲ್ಲದಿದ್ದರೆ ಬಿಡು. ಹೋಮ್ ಪೇಜ್‌ನಲ್ಲಿ, ಸೈಡ್‌ನಲ್ಲಿ, ಎಲ್ಲಾ ಕಡೆ ->ಚಿಲ್ಡ್ರನ್()->ಅಪ್‌ಕಮಿಂಗ್() ಅಂದರೆ ಆಯಿತು. ಚಂದ ಕಾಣುತ್ತಿತ್ತು.

ನಾಟಕದ ದಿನ ಬೆಳಗ್ಗೆ ಹತ್ತು ಗಂಟೆಗೆ ಫೋನ್ ಮೇಲೆ ಫೋನ್. 'ಅಕ್ಕಾ, ನಾಟಕ ಕ್ಯಾನ್ಸಲ್ ಆಯಿತೇನು? ಸೈಟ್‌ನಲ್ಲಿ ಕಾಣಿಸುತ್ತಿಲ್ಲ.' ನಾಟಕ ಇದ್ದದ್ದು ಸಂಜೆ ಆರಕ್ಕೆ. ತಾರೀಖಿನ ಫೀಲ್ಡ್‌ನಲ್ಲಿ ಗಂಟೆ ಇರಲಿಲ್ಲ, ಗಂಟೆ ಇಲ್ಲದಿದ್ದರೆ ಅದು ಮಧ್ಯರಾತ್ರಿ ಹನ್ನೆರಡು ಅಂತ ಲೆಕ್ಕ. ಬೆಳಗಾಗುವ ಹೊತ್ತಿಗೆ ನನ್ನ ಮೆಥಡ್ ಪ್ರಕಾರ ನಾಟಕ ಮುಗಿದೇ ಹೋಗಿತ್ತು! ಈಗಿನ ಟೈಮ್ ಬದಲು ಸ್ಟ್ರ್‌ಟುಟೈಮ್('ಟುಡೇ') ಅಂತ, ಇವತ್ತಿನ ಮಧ್ಯರಾತ್ರಿಗೆ ಹೋಲಿಸಿದೆ, ಸರಿಹೋಯಿತು. ಆದರೆ ಒಂದೇ ಜಾಗದಲ್ಲಿ ತಿದ್ದಿದರೆ ಸಾಕಾಯಿತು ನೋಡು. ನಿನ್ನ ಹಾಗೆ ಐದು ಕಡೆ ಕಾಪಿ ಇದ್ದಿದ್ದರೆ ಆ ದಿನ ನಾನು ಮೇಕಪ್ ಡಬ್ಬಿ ಹಿಡಿದುಕೊಂಡೇ ಲ್ಯಾಪ್‌ಟಾಪ್ ಮುಂದೆ ಕೂರಬೇಕಿತ್ತು.

ಟೈಮ್‌ಝೋನ್ ಕೂಡ ನೋಡಿಕೋ. ಸರ್ವರ್ ಯುಟಿಸಿಯಲ್ಲಿ ಇದ್ದರೆ ನಮ್ಮ ಬೆಳಗಿನ ಐದೂವರೆಯವರೆಗೂ ಅದಕ್ಕೆ ಇನ್ನೂ ನಿನ್ನೆ.

ಮಾಟುಂಗಾ ಫಿಲ್ಟರ್ ಕಾಫಿ:

ವಾಸ್ಕೋ ಅಕ್ಕ ಹೇಳಿದ್ದು ಬಹುಪಾಲು ಒಪ್ಪುತ್ತೇನೆ, ಆದರೆ ಪೇಜ್ ಮೆಥಡ್ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರು. ಅದು ಸಾರ್ವಜನಿಕ ನಲ್ಲಿ ಇದ್ದ ಹಾಗೆ. ಸೈಟ್‌ನ ಎಲ್ಲಾ ಪೇಜ್‌ಗೂ ಒಂದೇ ಹೆಸರಿನ ಪಟ್ಟಿ. ನೀವು 'ಶೇರ್' ಅಂತ ಇಟ್ಟಿರುತ್ತೀರಿ, ನಾಳೆ ಎಲ್ಲಿಂದಲೋ ಇಳಿಸಿಕೊಂಡ ಪ್ಲಗಿನ್ ಕೂಡ 'ಶೇರ್' ಅಂತಲೇ ಇಟ್ಟಿರುತ್ತದೆ, ಆಗ ಜಗಳ ಶುರು. ನಾನಾದರೆ ಆದಷ್ಟೂ ಮಾಡೆಲ್‌ನಲ್ಲೇ ಮುಗಿಸುತ್ತೇನೆ. ಎಲ್ಲಾ ಪೇಜ್‌ಗೂ ಬೇಕಿದ್ದರೆ ಒಂದು ಟ್ರೇಟ್ (ಹಲವು ಕ್ಲಾಸ್‌ಗಳಿಗೆ ಹಂಚಬಹುದಾದ ಮೆಥಡ್‌ಗಳ ಕಟ್ಟು) ಬರೆದು ಬೇಕಾದ ಮಾಡೆಲ್‌ಗಳಲ್ಲಿ ಯೂಸ್ ಮಾಡಿದರಾಯಿತು. ಎಡಿಟರ್ ಕೂಡ ಅದನ್ನು ಗುರುತಿಸುತ್ತದೆ, ಕ್ಲಿಕ್ ಮಾಡಿದರೆ ನೇರ ಅಲ್ಲಿಗೆ ಹೋಗುತ್ತದೆ. ಮ್ಯಾಜಿಕ್ ಮೂಲಕ ಬಂದದ್ದಕ್ಕೆ ಆ ಭಾಗ್ಯ ಇಲ್ಲ. ಪೇಜ್ ಮೆಥಡ್ ಬರೆಯಲೇಬೇಕಾದರೆ ಹೆಸರಿನ ಮುಂದೆ ಬಳಗದ ಎರಡಕ್ಷರ ಸೇರಿಸಿ.

ಇನ್ನೊಂದು, ಮಾಡೆಲ್ ಸಿಕ್ಕಿತು ಅಂತ ಅದರೊಳಗೆ ಎಚ್‌ಟಿಎಂಎಲ್ ತುಂಬಬೇಡಿ. ಮಾಡೆಲ್ ಫೋಟೋ ಕೊಡಲಿ, ಅದನ್ನು ಯಾವ ಡಬ್ಬಿಯಲ್ಲಿ ಎಷ್ಟು ಅಗಲ ತೋರಿಸಬೇಕು ಅನ್ನುವುದು ಟೆಂಪ್ಲೇಟ್‌ನ ತಲೆನೋವು.

ಮತ್ತೆ ಯಾರಾದರೂ ಜಾಣರು ಬಂದು 'ಮಾಡೆಲ್‌ನಲ್ಲಿ ನಮ್ ಅನ್ನೇ ಓವರ್‌ರೈಡ್ ಮಾಡಬಹುದಿತ್ತಲ್ಲ' ಅನ್ನುವ ಮೊದಲೇ ಹೇಳುತ್ತೇನೆ: ಬರೆಯಬಹುದು, ಬರೆಯಬೇಡಿ. ಪೇಜ್ ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವಾಗ ಕರ್ಬಿ ತಾನೇ ಆ ಮೆಥಡನ್ನು ಕೇಳುತ್ತದೆ. ಅಡಿಪಾಯದ ಕಲ್ಲು ಕಿತ್ತು ಹಿತ್ತಲಿಗೆ ಬಟ್ಟೆ ಒಗೆಯುವ ಕಲ್ಲು ಮಾಡಿದ ಹಾಗೆ.

ನಾನು ಹೊಟ್ಟೆಪಾಡಿಗೆ ಅಂಧೇರಿಯಲ್ಲಿ ಡ್ರುಪಲ್ (ಇದೂ ಕರ್ಬಿಯಂಥ ಇನ್ನೊಂದು ಸಿಎಂಎಸ್) ಮಾಡುತ್ತೇನೆ. ಅಲ್ಲಿ ಈ ಸುಖ ತಡವಾಗಿ ಬಂತು. 2021ರ ಡಿಸೆಂಬರಿನಲ್ಲಿ 9.3 ಬಂದ ಮೇಲೆ ಬಂಡಲ್ ಕ್ಲಾಸ್ ಅಂತ ಕೊಟ್ಟರು, ಒಂದೊಂದು ಕಂಟೆಂಟ್ ಟೈಪ್‌ಗೂ ನಮ್ಮದೇ ಕ್ಲಾಸ್. ಅದಕ್ಕೆ ಮೊದಲು ಎಲ್ಲವನ್ನೂ ಪ್ರಿಪ್ರೊಸೆಸ್ ಫಂಕ್ಷನ್‌ಗಳಲ್ಲಿ (ಟೆಂಪ್ಲೇಟ್‌ಗೆ ಹೋಗುವ ಮೊದಲು ಮಾಹಿತಿ ಸಿದ್ಧಪಡಿಸುವಂಥವು) ಸುರಿಯುತ್ತಿದ್ದೆವು, ಒಂದೊಂದು ಫೈಲ್ ಸಾವಿರ ಸಾಲು, ಯಾರು ಏನು ಬದಲಿಸುತ್ತಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ವರ್ಡ್‌ಪ್ರೆಸ್‌ನಲ್ಲಂತೂ ಪೋಸ್ಟ್ ಕ್ಲಾಸನ್ನು ಫೈನಲ್ ಅಂತ ಬೀಗ ಹಾಕಿದ್ದಾರೆ, ಎಕ್ಸ್‌ಟೆಂಡ್ ಮಾಡುವ ಮಾತೇ ಇಲ್ಲ, ಫಿಲ್ಟರ್ ಹಾಕಿಕೊಂಡು ಬದುಕಬೇಕು. ಹಾಗೆ ನೋಡಿದರೆ ಕರ್ಬಿಯವರು ಪುಣ್ಯವಂತರು.

ವಾಸ್ಕೋ ಅಕ್ಕ:

ಟ್ರೇಟ್ ಮಾತು ಸರಿ. ಆದರೆ ಮಾಡೆಲ್ ಇಲ್ಲದ ಪೇಜ್‌ಗಳೂ ಇರುತ್ತವೆ ಅಲ್ವಾ, ನಮ್ಮಂಥ ಸಣ್ಣ ಸೈಟ್‌ನಲ್ಲಿ ಅವೇ ಜಾಸ್ತಿ. 'ಸಂಪರ್ಕಿಸಿ' ಪೇಜ್‌ಗೆಲ್ಲಾ ಯಾರು ಕ್ಲಾಸ್ ಬರೆಯುತ್ತಾ ಕೂರುತ್ತಾರೆ? ಎರಡಕ್ಷರದ ಮುಂಸೇರಿಕೆ ಮಾತ್ರ ಒಳ್ಳೆಯದು, ಕದಿಯುತ್ತೇನೆ.

ಡೊಂಬಿವಲಿ ಫಾಸ್ಟ್:

ಕವರ್ ಸರಿಹೋಯಿತು, ತಾರೀಖು ಫೀಲ್ಡ್ ಮೆಥಡ್ ಆಯಿತು, ಐದು ಟೆಂಪ್ಲೇಟ್‌ನಿಂದ ಐವತ್ತು ಸಾಲು ಕಿತ್ತು ಹಾಕಿದೆ. ಆ ಸಾಲುಗಳನ್ನು ಡಿಲೀಟ್ ಮಾಡುವಾಗ ಆದ ಖುಷಿ ಬರೆಯುವಾಗ ಆಗಿರಲಿಲ್ಲ.

ಕೊನೆಯದೊಂದು, ಆಮೇಲೆ ಪೀಡಿಸುವುದಿಲ್ಲ. ಕಾರ್ಡ್ ಮತ್ತೆ ಪ್ರಿಂಟ್ ಆಗುತ್ತಿದೆ (ಈ ಸಲ ನನ್ನ ಖರ್ಚಿನಲ್ಲಿ, ಬೇಡ ಅಂದರೂ ನಾನೇ ಕೊಟ್ಟೆ). ಹೇಗೂ ಹೊಸದಾಗಿ ಮಾಡುತ್ತಿದ್ದೀರಿ, ಸಂಖ್ಯೆ ಕನ್ನಡ ಅಂಕಿಯಲ್ಲೇ ಇರಲಿ ಅಂದರು ಆ ಹಿರಿಯರು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅದಕ್ಕೂ ಫೀಲ್ಡ್ ಮೆಥಡ್ ಬರೆದೆ, ಸ್ಟ್ರ್‌ಟಿಆರ್‌ಗೆ (ಅಕ್ಷರ ಬದಲಿಸುವ ಪಿಎಚ್‌ಪಿ ಫಂಕ್ಷನ್) ಎರಡು ಸ್ಟ್ರಿಂಗ್ ಕೊಟ್ಟೆ, ಒಂದರಲ್ಲಿ 0123456789, ಇನ್ನೊಂದರಲ್ಲಿ ೦೧೨೩೪೫೬೭೮೯. ಬರುವುದು ಮಾತ್ರ ಕಪ್ಪು ವಜ್ರದ ಒಳಗೆ ಪ್ರಶ್ನಾರ್ಥಕ ಚಿಹ್ನೆ. ಫಾಂಟ್ ತೊಂದರೆಯಾ?

ಹಿಂಜವಡಿ ಫೇಸ್ ತ್ರೀ:

ಫಾಂಟ್ ಅಲ್ಲ ಸರ್. ಸ್ಟ್ರ್‌ಟಿಆರ್‌ಗೆ ಎರಡು ಸ್ಟ್ರಿಂಗ್ ಕೊಟ್ಟರೆ ಅದು ಬೈಟ್‌ಗೆ ಬೈಟ್ ಬದಲಿಸುತ್ತದೆ. 0 ಒಂದೇ ಬೈಟ್. ಆದರೆ ಯುಟಿಎಫ್ 8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಕನ್ನಡದ ೦ ಮೂರು ಬೈಟ್. ನಿಮ್ಮ ಎರಡನೇ ಸ್ಟ್ರಿಂಗ್ 30 ಬೈಟ್ ಇದೆ, ಅದರಲ್ಲಿ ಮೊದಲ 10 ಬೈಟ್ ಮಾತ್ರ ತೆಗೆದುಕೊಂಡು ಒಂದೊಂದನ್ನೇ ಅಂಟಿಸಿದೆ. ಅಂದರೆ ಅಂಕಿಯನ್ನು ಮೂರು ತುಂಡು ಮಾಡಿ ಒಂದು ತುಂಡು ಕೊಟ್ಟಿದೆ. ವಜ್ರ ಬರದೆ ಇನ್ನೇನು ಬರುತ್ತದೆ.

ಎರಡು ಸ್ಟ್ರಿಂಗ್ ಬದಲು ಒಂದು ಅರೇ ಕೊಡಿ: '0' => '೦', '1' => '೧' ಹೀಗೆ. ಅರೇ ಕೊಟ್ಟರೆ ಸ್ಟ್ರ್‌ಟಿಆರ್ ಇಡೀ ತುಂಡನ್ನು ಇಡೀ ತುಂಡಿಗೆ ಬದಲಿಸುತ್ತದೆ, ಕನ್ನಡಕ್ಕೆ ಏನೂ ಆಗುವುದಿಲ್ಲ.

ಮೆಥಡ್ ಕೊನೆಯಲ್ಲಿ ಬರೀ ಸ್ಟ್ರಿಂಗ್ ಕೊಡುವ ಬದಲು $ಫೀಲ್ಡ್->ವ್ಯಾಲ್ಯೂ ಬದಲಿಸಿ $ಫೀಲ್ಡ್ ಅನ್ನೇ ವಾಪಸ್ ಕೊಡಿ. ಆಗ ಅದರ ಮುಂದೆ ಇನ್ನೊಂದು ಮೆಥಡ್ ಪೋಣಿಸಬಹುದು. ಮೂಲ ಫೀಲ್ಡ್ ಹಾಳಾಗುತ್ತದೆ ಅಂತ ಹೆದರಬೇಡಿ, ಕರ್ಬಿ ಫೀಲ್ಡ್ ಮೆಥಡ್‌ಗೆ ಕೊಡುವುದು ಅದರ ನಕಲನ್ನು.

ಡೊಂಬಿವಲಿ ಫಾಸ್ಟ್:

ಬಂತು! ಬಂತು! ಕನ್ನಡದಲ್ಲೇ ಬಂತು.

ಆದರೆ ಮೂರು ಅಂಕಿ ಬರಲಿ ಅಂತ ಸ್ಟ್ರ್‌ಪ್ಯಾಡ್ (ಮುಂದೆ ಸೊನ್ನೆ ತುಂಬಿಸುವ ಫಂಕ್ಷನ್) ಹಾಕಿ ಇನ್ನೊಂದು ಮೆಥಡ್ ಮಾಡಿದ್ದೆ, ->ಮೆಂಬರ್‌ನೋ()->ಕನ್ನಡಅಂಕಿ()->ಮೂರಂಕಿ() ಅಂತ ಪೋಣಿಸಿದೆ. ಅದು ಸೊನ್ನೆಯನ್ನೇ ಸೇರಿಸುತ್ತಿಲ್ಲ, ೭ ಅಂತ ಒಂಟಿಯಾಗಿ ನಿಂತಿದೆ. 47 ಕೂಡ ೪೭ ಅಷ್ಟೇ.

ಹಿಂಜವಡಿ ಫೇಸ್ ತ್ರೀ:

ಅದೇ ಬೈಟ್ ಲೆಕ್ಕ ಸರ್. ೭ ಒಂದೇ ಅಂಕಿಯಾದರೂ ಮೂರು ಬೈಟ್, ಸ್ಟ್ರ್‌ಪ್ಯಾಡ್ ಕಣ್ಣಿಗೆ ಆಗಲೇ ಮೂರು ಆಗಿದೆ, ಇನ್ನು ಯಾಕೆ ಸೇರಿಸಬೇಕು ಅನ್ನುತ್ತದೆ. ತಿರುಗಿಸಿ ಪೋಣಿಸಿ, ಮೊದಲು ಮೂರಂಕಿ, ಆಮೇಲೆ ಕನ್ನಡಅಂಕಿ. ಪಿಎಚ್‌ಪಿ 8.3ರಲ್ಲಿ ಎಂಬಿ ಸ್ಟ್ರ್‌ಪ್ಯಾಡ್ ಬಂದಿದೆ, ಅದು ಅಕ್ಷರ ಲೆಕ್ಕ ಹಾಕುತ್ತದೆ. ಆದರೆ ನಿಮ್ಮ ಹೋಸ್ಟಿಂಗ್‌ನಲ್ಲಿ ಯಾವ ವರ್ಷನ್ ಇದೆಯೋ, ಸುಮ್ನೆ ತಿರುಗಿಸಿಬಿಡಿ.

ಡೊಂಬಿವಲಿ ಫಾಸ್ಟ್:

ತಿರುಗಿಸಿದೆ, ಸರಿಹೋಯಿತು. ಪಿಡಿಎಫ್ ಪ್ರೆಸ್‌ಗೆ ಕಳಿಸಿದೆ. ಮೊದಲ ಕಾರ್ಡ್ ಆ ಹಿರಿಯರದ್ದೇ, ವಾಟ್ಸಾಪ್‌ನಲ್ಲಿ ಪ್ರೂಫ್ ಕಳಿಸಿದೆ. 'ಚೆನ್ನಾಗಿದೆ, ಆದರೆ ೦೦೭ ಅಂತ ನೋಡಿ ಮೊಮ್ಮಗ ಬಿದ್ದು ಬಿದ್ದು ನಗುತ್ತಿದ್ದಾನೆ, ಯಾಕೆ?' ಅಂತ ಕೇಳಿದ್ದಾರೆ. ಏನು ಉತ್ತರ ಕೊಡಲಿ ಹೇಳಿ, ಕಲ್ಯಾಣ್ ಕಡೆ ಟ್ರೈನ್ ಬಂತು, ಇಳಿದ ಮೇಲೆ ನೋಡುತ್ತೇನೆ.